62 ಸಾವಿರ ಯೂರೋ ಹೆಚ್ಚೋ, 24 ಲಕ್ಷ ರೂಪಾಯಿ ಹೆಚ್ಚೋ?

ಪ್ರಶ್ನೆ: ನನಗೆ 34 ವರ್ಷ. ಊರು ದಾವಣಗೆರೆ, ಉದ್ಯೋಗ ಬೆಂಗಳೂರಿನಲ್ಲಿ. ವಾಹನಗಳ ಎಲೆಕ್ಟ್ರಾನಿಕ್ಸ್‌ಗೆ ಸಾಫ್ಟ್‌ವೇರ್ ಸಿದ್ಧಪಡಿಸುವ ಕಂಪನಿಯೊಂದರಲ್ಲಿ ನಾಲ್ಕು ವರ್ಷ ಎರಡು ತಿಂಗಳಿನಿಂದ ಇದ್ದೇನೆ. ಸಿಟಿಸಿ 24 ಲಕ್ಷ ರೂಪಾಯಿ. ತಿಂಗಳಿಗೆ ಕೈಗೆ ಬರುವುದು 1.4 ಲಕ್ಷ. ಪತ್ನಿ ಖಾಸಗಿ ಶಾಲೆಯಲ್ಲಿ ಗಣಿತ ಶಿಕ್ಷಕಿ, ಸಂಬಳ 35 ಸಾವಿರ. ನಾಲ್ಕು ವರ್ಷದ ಮಗಳಿದ್ದಾಳೆ. ಅಮ್ಮ ದಾವಣಗೆರೆಯಲ್ಲಿ ಒಬ್ಬರೇ ಇದ್ದಾರೆ. ಅವರಿಗೆ ತಿಂಗಳಿಗೆ 15 ಸಾವಿರ ಕಳುಹಿಸುತ್ತೇನೆ. ಎಲ್ಲ ಖರ್ಚು ಕಳೆದು 50 ಸಾವಿರದಷ್ಟು ಉಳಿಯುತ್ತದೆ. ಈಗ ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ವರ್ಷಕ್ಕೆ 62,000 ಯೂರೋ ಸಂಬಳದ ಕೆಲಸ ಬಂದಿದೆ. ಯೂರೋಗೆ 100 ರೂಪಾಯಿ ಹಿಡಿದರೆ 62 ಲಕ್ಷವಾಯಿತು. ಬರ್ಲಿನ್‌ನಲ್ಲಿರುವ ಗೆಳೆಯ (ಅವನಿಗಿನ್ನೂ ಮದುವೆಯಾಗಿಲ್ಲ) ‘ಅರ್ಧ ಸಂಬಳ ಸರ್ಕಾರಕ್ಕೇ ಹೋಗುತ್ತದೆ, ಬರಬೇಡ’ ಎನ್ನುತ್ತಾನೆ. ನನ್ನ ಭಾವ ‘ಅಲ್ಲಿ ಆಸ್ಪತ್ರೆ, ಶಾಲೆ ಎಲ್ಲವೂ ಉಚಿತ, ಕಣ್ಣು ಮುಚ್ಚಿಕೊಂಡು ಹೋಗು’ ಎನ್ನುತ್ತಾರೆ. ಯಾರ ಮಾತು ನಂಬಲಿ?

ಉತ್ತರ: ಈ ಸಂಬಳ ನಿಜಕ್ಕೂ ಎರಡೂವರೆ ಪಟ್ಟು ದೊಡ್ಡದೇ, ಅಥವಾ ಅಷ್ಟು ದೂರ ಹೋಗಿ ಇಲ್ಲಿದ್ದಷ್ಟೇ ಉಳಿಸುವುದಾದರೆ ಹೋಗುವುದೇಕೆ ಎಂಬುದು ನಿಮ್ಮ ಆತಂಕವೆಂದು ನಾನು ಅರ್ಥಮಾಡಿಕೊಂಡಿದ್ದೇನೆ. ಬೆಂಗಳೂರಿನಿಂದ ಜರ್ಮನಿಗೆ ಎಂಜಿನಿಯರುಗಳನ್ನು ಕಳುಹಿಸುವ ಕಂಪನಿಗಳಿಗೆ ಸಂಬಳದ ಲೆಕ್ಕ ಹಾಕಿಕೊಡುವುದು ನನ್ನ ವೃತ್ತಿ. ಆ ಅನುಭವದ ಮೇಲೆ ಹೇಳುವುದಾದರೆ, ನಿಮ್ಮ ಗೆಳೆಯನೂ ಭಾವನೂ ಇಬ್ಬರೂ ಅರ್ಧರ್ಧ ಸರಿ. ಈ ಉತ್ತರದಲ್ಲಿ 2025ರ ದರಗಳನ್ನು ಬಳಸಿದ್ದೇನೆ; ಆಮೇಲೆ ಕೆಲವು ಬದಲಾಗಿವೆ.

ಮೊದಲಿಗೆ, ನೀವು ಹೋಲಿಸುತ್ತಿರುವ ಎರಡು ಅಂಕಿಗಳು ಒಂದೇ ಜಾತಿಯವಲ್ಲ. ಸಿಟಿಸಿ ಎಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ: ಭವಿಷ್ಯ ನಿಧಿಗೆ ಕಂಪನಿ ಹಾಕುವ ಶೇ. 12, ಐದು ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ, ಗುಂಪು ವಿಮೆಯ ಕಂತು, ಸಾಧನೆ ನೋಡಿ ಕೊಡುವ ವೇರಿಯಬಲ್ ಪೇ, ಎಲ್ಲವೂ ಅದರೊಳಗಿವೆ. ಜರ್ಮನಿಯ 62,000 ಯೂರೋ ಹಾಗಲ್ಲ. ಪಿಂಚಣಿ, ಆರೋಗ್ಯ, ನಿರುದ್ಯೋಗ ಮತ್ತು ಆರೈಕೆ (ವೃದ್ಧಾಪ್ಯ, ದೀರ್ಘ ಕಾಯಿಲೆಯಲ್ಲಿ ನೋಡಿಕೊಳ್ಳುವವರ ಖರ್ಚಿಗೆ) ವಿಮೆಗಳಿಗೆ ಕಂಪನಿ ಕಟ್ಟುವ ಪಾಲು ಅದರ ಹೊರಗಿದ್ದು, ಅದನ್ನೂ ಸೇರಿಸಿದರೆ ಅಲ್ಲಿನ ‘ಸಿಟಿಸಿ’ ಸುಮಾರು 75,000 ಯೂರೋ ಆಗುತ್ತದೆ. ಆದ್ದರಿಂದ ಸಿಟಿಸಿಯನ್ನು ಅಲ್ಲಿನ ಒಟ್ಟು ಸಂಬಳದ ಪಕ್ಕದಲ್ಲಿಟ್ಟು ನೋಡುವುದರಲ್ಲಿ ಅರ್ಥವಿಲ್ಲ. ಕೈಗೆ ಬರುವುದರ ಪಕ್ಕದಲ್ಲಿ ಕೈಗೆ ಬರುವುದನ್ನೂ, ಉಳಿಯುವುದರ ಪಕ್ಕದಲ್ಲಿ ಉಳಿಯುವುದನ್ನೂ ಇಡಬೇಕು.

ಇನ್ನು ‘ಅರ್ಧ ಸಂಬಳ ಹೋಗುತ್ತದೆ’ ಎಂಬ ಮಾತು. ಜರ್ಮನಿಯಲ್ಲಿ ನೌಕರನ ಸಂಬಳದಿಂದ ಪಿಂಚಣಿಗೆ ಶೇ. 9.3, ಆರೋಗ್ಯ ವಿಮೆಗೆ ಸರಾಸರಿ ಶೇ. 8.55, ನಿರುದ್ಯೋಗ ವಿಮೆಗೆ ಶೇ. 1.3 ಹಾಗೂ ಆರೈಕೆ ವಿಮೆಗೆ ಒಂದು ಮಗುವಿರುವವರಾದರೆ ಶೇ. 1.8 ಕಡಿತವಾಗುತ್ತದೆ, ಒಟ್ಟು ಶೇ. 21ರ ಆಸುಪಾಸು. ಇದರ ಮೇಲೆ ಆದಾಯ ತೆರಿಗೆ ಬರುತ್ತದೆ, ಮತ್ತು ಮದುವೆಯಾದವರಿಗೂ ಆಗದವರಿಗೂ ದೊಡ್ಡ ವ್ಯತ್ಯಾಸವಾಗುವುದು ಇಲ್ಲಿಯೇ. ದಂಪತಿಯ ಆದಾಯವನ್ನು ಕೂಡಿಸಿ, ಎರಡು ಸಮಪಾಲು ಮಾಡಿ, ಪ್ರತಿ ಪಾಲಿಗೂ ತೆರಿಗೆ ಲೆಕ್ಕ ಹಾಕುವ ಪದ್ಧತಿ ಅಲ್ಲಿದೆ. ಒಬ್ಬರೇ ದುಡಿಯುವ ಮನೆಗೆ ಇದರಿಂದ ಆಗುವ ಲಾಭ ಚಿಕ್ಕದಲ್ಲ. ನಿಮ್ಮ 62,000 ಯೂರೋಗೆ ನಾನು ಹಾಕಿದ ಲೆಕ್ಕದಲ್ಲಿ, ಮದುವೆಯಾಗದ, ಮಕ್ಕಳಿಲ್ಲದ ವ್ಯಕ್ತಿಗೆ ತಿಂಗಳಿಗೆ ಸುಮಾರು 3,200 ಯೂರೋ ಕೈಗೆ ಬರುತ್ತದೆ, ಎಂದರೆ ಶೇ. 38ರಷ್ಟು ಕಡಿತ. ಪತ್ನಿ, ಮಗಳೊಂದಿಗೆ ಅಲ್ಲಿ ನೆಲೆಸಿದರೆ ನಿಮಗೆ ಸುಮಾರು 3,620 ಯೂರೋ ಬರುತ್ತದೆ, ಕಡಿತ ಶೇ. 30. ಜೊತೆಗೆ ಮಗಳ ಹೆಸರಿನಲ್ಲಿ ಸರ್ಕಾರ ಕೊಡುವ ಮಕ್ಕಳ ಭತ್ಯೆ ತಿಂಗಳಿಗೆ 255 ಯೂರೋ. ನಿಮ್ಮ ಗೆಳೆಯ ತನ್ನ ಸಂಬಳ ಚೀಟಿ ನೋಡಿ ಹೇಳಿದ್ದು ತುಸು ಉತ್ಪ್ರೇಕ್ಷೆಯಾದರೂ ಅವನ ಮಟ್ಟಿಗೆ ನಿಜಕ್ಕೆ ಹತ್ತಿರವಿದೆ. ಆ ಚೀಟಿ ನಿಮ್ಮದಲ್ಲ.

ನಿಮ್ಮ ಭಾವ ಹೇಳುವ ‘ಉಚಿತ’ದ ಬೆಲೆ ಮೇಲಿನ ಕಡಿತಗಳಲ್ಲಿ ಆಗಲೇ ಸೇರಿದೆ. ಆರೋಗ್ಯಕ್ಕೆಂದು ನಿಮ್ಮ ಸಂಬಳದಿಂದ ತಿಂಗಳಿಗೆ 440 ಯೂರೋ ಹೋಗುತ್ತದೆ, ಕಂಪನಿಯೂ ಅಷ್ಟೇ ಕಟ್ಟುತ್ತದೆ. ಅದಕ್ಕೆ ಪ್ರತಿಯಾಗಿ, ಆದಾಯವಿಲ್ಲದ ಪತ್ನಿಗೂ ಮಗಳಿಗೂ ಸಾರ್ವಜನಿಕ ವಿಮಾ ಸಂಸ್ಥೆಯಲ್ಲಿ ಹೆಚ್ಚುವರಿ ಕಂತಿಲ್ಲದೆ ರಕ್ಷಣೆ ಸಿಗುತ್ತದೆ; ಆಸ್ಪತ್ರೆಗೆ ಸೇರಿದರೆ ವಯಸ್ಕರು ಕೊಡಬೇಕಾದದ್ದು ದಿನಕ್ಕೆ 10 ಯೂರೋ, ಅದೂ ವರ್ಷಕ್ಕೆ ಹೆಚ್ಚೆಂದರೆ 28 ದಿನಗಳಿಗೆ ಮಾತ್ರ. ಸರ್ಕಾರಿ ಶಾಲೆಗೆ ಶುಲ್ಕವಿಲ್ಲವೆಂಬುದು ನಿಜ, ಆದರೆ ನಿಮ್ಮ ಮಗಳು ಸದ್ಯಕ್ಕೆ ಸೇರಬೇಕಾದದ್ದು ಶಿಶುವಿಹಾರಕ್ಕೆ. ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಅಲ್ಲಿ ಜಾಗ ಕೊಡಬೇಕೆಂಬ ಕಾನೂನು 2013ರಿಂದ ಜಾರಿಯಲ್ಲಿದ್ದರೂ ಜಾಗದ ಕೊರತೆ ದೊಡ್ಡ ನಗರಗಳಲ್ಲೆಲ್ಲ ಇದೆ, ಮತ್ತು ಬರ್ಲಿನ್ ಶುಲ್ಕವನ್ನು ತೆಗೆದುಹಾಕಿದಂತೆ ಸ್ಟುಟ್‌ಗಾರ್ಟ್ ತೆಗೆದುಹಾಕಿಲ್ಲ.

ಈಗ ಯೂರೋವನ್ನು ನೂರರಿಂದ ಗುಣಿಸುವ ವಿಚಾರಕ್ಕೆ ಬರೋಣ, ಏಕೆಂದರೆ ನನ್ನ ಬಳಿ ಬರುವವರಲ್ಲಿ ಬಹುತೇಕರು ಎಡವುವುದು ಇಲ್ಲಿಯೇ. ವಿನಿಮಯ ದರವೆಂಬುದು ಗಡಿ ದಾಟುವ ಹಣಕ್ಕೆ ಮಾತ್ರ ಅನ್ವಯಿಸುತ್ತದೆ. ಅಲ್ಲಿಯೇ ದುಡಿದು ಅಲ್ಲಿಯೇ ಖರ್ಚಾಗುವ ಹಣಕ್ಕೆ ಅಲ್ಲಿನ ಬೆಲೆಗಳೇ ಅಳತೆ. ಮೊಬೈಲು, ಲ್ಯಾಪ್‌ಟಾಪ್, ಕಾರಿನ ಬಿಡಿಭಾಗಗಳಂಥ, ಹಡಗೇರಿ ದೇಶ ದಾಟುವ ಸರಕುಗಳ ಬೆಲೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಆದರೆ ಕ್ಷೌರ, ಮನೆಗೆಲಸ, ಕೊಳಾಯಿ ರಿಪೇರಿ, ಹೋಟೆಲಿನ ಊಟ ಇವು ಹಡಗೇರುವುದಿಲ್ಲ. ಅವುಗಳ ಬೆಲೆಯನ್ನು ನಿರ್ಧರಿಸುವುದು ಆ ಊರಿನ ಕೂಲಿ. ಕಾರ್ಖಾನೆಗಳಲ್ಲಿ ಉತ್ಪಾದಕತೆ ಹೆಚ್ಚಿರುವ ದೇಶದಲ್ಲಿ ಕಾರ್ಖಾನೆಯ ಕೂಲಿ ಏರುತ್ತದೆ, ಅದರ ಜೊತೆಗೆ ಕ್ಷೌರಿಕನ ಕೂಲಿಯೂ ಏರಲೇಬೇಕಾಗುತ್ತದೆ, ಇಲ್ಲದಿದ್ದರೆ ಅವನೂ ಕಾರ್ಖಾನೆಗೇ ಹೋಗುತ್ತಾನೆ. ಜರ್ಮನಿಯ ಕನಿಷ್ಠ ಕೂಲಿ 2025ರಲ್ಲಿ ಗಂಟೆಗೆ 12.82 ಯೂರೋ ಇತ್ತು. ನಿಮ್ಮ ಬೆಂಗಳೂರಿನ ಮನೆಗೆಲಸದವರಿಗೆ ನೀವು ತಿಂಗಳಿಗೆ ಕೊಡುವ ಹಣಕ್ಕೆ ಅಲ್ಲಿ ಒಂದು ದಿನದ ಕೆಲಸವೂ ಆಗಲಾರದು. ನಮ್ಮ ಮಧ್ಯಮವರ್ಗದ ಅನುಕೂಲಗಳಲ್ಲಿ ಎಷ್ಟು ಪಾಲು ಇನ್ನೊಬ್ಬರ ಕಡಿಮೆ ಕೂಲಿಯ ಮೇಲೆ ನಿಂತಿದೆಯೆಂಬುದು ಇಂಥ ಲೆಕ್ಕ ಹಾಕುವಾಗ ಸ್ಪಷ್ಟವಾಗಿ ಕಾಣುತ್ತದೆ.

ಈ ಬೆಲೆ ವ್ಯತ್ಯಾಸವನ್ನು ಸರಿದೂಗಿಸಲು ವಿಶ್ವಬ್ಯಾಂಕ್ ಕೊಳ್ಳುವ ಶಕ್ತಿಯ ಸಮಾನತೆ ಎಂಬ ದರವನ್ನು ಪ್ರಕಟಿಸುತ್ತದೆ. ಅದರಂತೆ ಜರ್ಮನಿಯಲ್ಲಿ ಒಂದು ಯೂರೋಗೆ ಸಿಗುವಷ್ಟು ವಸ್ತು, ಸೇವೆ ಭಾರತದಲ್ಲಿ ಸುಮಾರು 30 ರೂಪಾಯಿಗೇ ಸಿಗುತ್ತದೆ. ಆ ದರದಿಂದ ಗುಣಿಸಿದರೆ ನಿಮ್ಮ 62 ಲಕ್ಷ 19 ಲಕ್ಷಕ್ಕೂ ಕೆಳಗಿಳಿಯುತ್ತದೆ! ಹಾಗೆಂದು ಅದನ್ನೂ ಕಣ್ಣುಮುಚ್ಚಿ ನಂಬಬೇಡಿ. ಅದು ಇಡೀ ದೇಶದ ಸರಾಸರಿ ಲೆಕ್ಕ. ಬೆಂಗಳೂರಿನ ಬಾಡಿಗೆ, ಖಾಸಗಿ ಶಾಲೆಯ ಶುಲ್ಕ, ಖಾಸಗಿ ಆಸ್ಪತ್ರೆಯ ಬಿಲ್ಲು ಕಟ್ಟುವ ನಿಮ್ಮ ಮನೆಯ ಖರ್ಚು ಆ ಸರಾಸರಿಗಿಂತ ಬಹಳ ಬೇರೆ. ನನ್ನ ಮಟ್ಟಿಗೆ ಆ ದರದ ಉಪಯೋಗವೆಂದರೆ ನೂರರ ಗುಣಾಕಾರದ ಅಮಲನ್ನು ಇಳಿಸುವುದಷ್ಟೇ. ತೀರ್ಮಾನಕ್ಕೆ ನಿಮ್ಮದೇ ಮನೆಯ ಆಯವ್ಯಯ ಬೇಕು.

ಅದನ್ನು ಹಾಕಿ ನೋಡೋಣ. ಸ್ಟುಟ್‌ಗಾರ್ಟ್‌ನಲ್ಲಿ ಎರಡು ಮಲಗುವ ಕೋಣೆಗಳ ಸಾಧಾರಣ ಮನೆಗೆ, ಚಳಿಗಾಲದ ಶಾಖ ಮತ್ತು ನಿರ್ವಹಣೆ ಸೇರಿ, 1,550 ಯೂರೋ ಹಿಡಿಯಿರಿ. ದಿನಸಿ, ಊಟಕ್ಕೆ 550. ವಿದ್ಯುತ್, ಇಂಟರ್ನೆಟ್, ಫೋನು ಮತ್ತು ಪ್ರತಿ ಮನೆಯೂ ಕಟ್ಟಲೇಬೇಕಾದ 18.36 ಯೂರೋ ಪ್ರಸಾರ ಶುಲ್ಕ ಸೇರಿ 170. ಇಬ್ಬರಿಗೆ ದೇಶದಾದ್ಯಂತ ಸ್ಥಳೀಯ ರೈಲು, ಬಸ್ಸುಗಳಲ್ಲಿ ಓಡಾಡುವ ಪಾಸಿಗೆ 116. ಶಿಶುವಿಹಾರ ಮತ್ತು ಅಲ್ಲಿನ ಊಟಕ್ಕೆ 200. ಬಟ್ಟೆ, ಸಣ್ಣಪುಟ್ಟ ವಿಮೆ, ತಿರುಗಾಟಕ್ಕೆ 300. ವರ್ಷಕ್ಕೊಮ್ಮೆ ಮೂವರೂ ಊರಿಗೆ ಬಂದುಹೋಗಲು ತಿಂಗಳಿಗೆ 200 ಎತ್ತಿಡಬೇಕು. ಇವೆಲ್ಲ ಸುಮಾರು 3,090 ಯೂರೋ ಆಗುತ್ತದೆ. ಸಂಬಳವೂ ಮಕ್ಕಳ ಭತ್ಯೆಯೂ ಸೇರಿ ಕೈಗೆ ಬರುವ 3,875ರಲ್ಲಿ ಇದನ್ನೂ ಅಮ್ಮನಿಗೆ ಕಳುಹಿಸುವ 150 ಯೂರೋವನ್ನೂ ಕಳೆದರೆ ಉಳಿಯುವುದು 635 ಯೂರೋ, ಎಂದರೆ 63–64 ಸಾವಿರ ರೂಪಾಯಿ.

ಬೆಂಗಳೂರಿನಲ್ಲಿ ನೀವು 50 ಸಾವಿರ ಉಳಿಸುವುದಾಗಿ ಬರೆದಿದ್ದೀರಿ, ಆದರೆ ಎರಡು ಮೊತ್ತಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ನಿಮ್ಮ ಸಿಟಿಸಿಯಲ್ಲಿ ಮೂಲವೇತನ ಶೇ. 40 ಎಂದು ಹಿಡಿದರೆ ಭವಿಷ್ಯ ನಿಧಿಗೆ ನಿಮ್ಮದೂ ಕಂಪನಿಯದೂ ಸೇರಿ ತಿಂಗಳಿಗೆ 19,200 ರೂಪಾಯಿ ಹೋಗುತ್ತಿದೆ. ಅದರಲ್ಲಿ 1,250 ಪಿಂಚಣಿ ಯೋಜನೆಗೆ ಹೋಗಿ ಮಿಕ್ಕದ್ದು ನಿಮ್ಮ ಖಾತೆಯಲ್ಲೇ ಬೆಳೆಯುತ್ತದೆ; 2024-25ರ ಬಡ್ಡಿ ಶೇ. 8.25. ವೇರಿಯಬಲ್ ಪೇ ಸಿಟಿಸಿಯ ಹತ್ತನೇ ಒಂದು ಭಾಗವಿದ್ದು ಪೂರ್ತಿ ಸಿಕ್ಕರೆ ತೆರಿಗೆ ಕಳೆದು ತಿಂಗಳಿಗೆ 15 ಸಾವಿರದಷ್ಟಾಗುತ್ತದೆ. ಎಲ್ಲ ಸೇರಿದರೆ ನಿಮ್ಮ ನಿಜವಾದ ಉಳಿತಾಯ 80 ಸಾವಿರ ದಾಟುತ್ತದೆ. ಅಂದರೆ, ನೇರವಾಗಿ ಹೇಳುವುದಾದರೆ, ಪತ್ನಿ ಕೆಲಸ ಮಾಡದಿರುವಷ್ಟು ಕಾಲ ನೀವು ಸ್ಟುಟ್‌ಗಾರ್ಟ್‌ನಲ್ಲಿ ಬೆಂಗಳೂರಿಗಿಂತ ಕಡಿಮೆಯೇ ಉಳಿಸುತ್ತೀರಿ.

ಹಾಗಾದರೆ ಆ ದೊಡ್ಡ ಸಂಬಳ ಎಲ್ಲಿ ಹೋಯಿತು? ಅದರ ಬಹುಪಾಲು ಅಪಾಯಗಳ ವಿರುದ್ಧದ ರಕ್ಷಣೆಯಾಗಿ ಬದಲಾಗಿದೆ. ನಿಮಗೆ ಕಾಯಿಲೆಯಾದರೆ ಆರು ವಾರ ಪೂರ್ತಿ ಸಂಬಳವನ್ನು ಕಂಪನಿಯೇ ಕೊಡಬೇಕು. ಆಮೇಲೆ ವಿಮಾ ಸಂಸ್ಥೆ ಒಟ್ಟು ಸಂಬಳದ ಶೇ. 70ರವರೆಗೆ, ಒಂದೇ ಕಾಯಿಲೆಗೆ ಮೂರು ವರ್ಷಗಳಲ್ಲಿ 78 ವಾರಗಳ ತನಕ ಕೊಡುತ್ತದೆ. ಭಾರತದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ರಕ್ಷಣೆ 21,000 ರೂಪಾಯಿ ಸಂಬಳದವರೆಗೆ ಮಾತ್ರ ಇರುವುದರಿಂದ ನಿಮ್ಮಂಥವರು ಕಂಪನಿಯ ದಯೆ ಮತ್ತು ಗುಂಪು ವಿಮೆಯನ್ನೇ ನಂಬಬೇಕು, ಮತ್ತು ಆ ವಿಮೆ ಕೆಲಸ ಬಿಟ್ಟ ದಿನವೇ ಮುಗಿಯುತ್ತದೆ. ಜರ್ಮನಿಯಲ್ಲಿ ಕೆಲಸ ಹೋದರೆ, ಹನ್ನೆರಡು ತಿಂಗಳು ಕಂತು ಕಟ್ಟಿದ್ದವರಿಗೆ ಆರು ತಿಂಗಳು, ಎರಡು ವರ್ಷ ಕಟ್ಟಿದ್ದವರಿಗೆ ಒಂದು ವರ್ಷ, ಮಗುವಿರುವುದರಿಂದ ನಿವ್ವಳ ಸಂಬಳದ ಶೇ. 67 ಸಿಗುತ್ತದೆ.

ಪಿಂಚಣಿಯ ಸ್ವರೂಪವೂ ಬೇರೆ. ಅಲ್ಲಿ ನೀವೂ ಕಂಪನಿಯೂ ಸೇರಿ ತಿಂಗಳಿಗೆ 960 ಯೂರೋ ಕಟ್ಟಿದರೂ ಅದು ನಿಮ್ಮ ಹೆಸರಿನ ಖಾತೆಯಲ್ಲಿ ಕೂಡಿಡುವ ಗಂಟಲ್ಲ. ಇಂದಿನ ನೌಕರರ ಹಣ ಇಂದಿನ ವೃದ್ಧರಿಗೆ ಹೋಗುತ್ತದೆ, ನಿಮಗೆ ಅಂಕಗಳು ಮಾತ್ರ ಜಮೆಯಾಗುತ್ತವೆ. ದೇಶದ ಸರಾಸರಿ ಸಂಬಳ ಪಡೆದವರಿಗೆ ವರ್ಷಕ್ಕೆ ಒಂದು ಅಂಕ, ಜುಲೈ 2025ರಿಂದ ಅದರ ಬೆಲೆ ತಿಂಗಳಿಗೆ 40.79 ಯೂರೋ. ನಿಮ್ಮ ಸಂಬಳಕ್ಕೆ ವರ್ಷಕ್ಕೆ ಸುಮಾರು 1.23 ಅಂಕ ಬರುತ್ತದೆ. ಐದು ವರ್ಷ ದುಡಿದರೆ 67ನೇ ವಯಸ್ಸಿನಿಂದ ತಿಂಗಳಿಗೆ, ಇಂದಿನ ಬೆಲೆಯಲ್ಲಿ, 250 ಯೂರೋ. ಪಿಂಚಣಿಯ ಹಕ್ಕಿಗೆ ಕನಿಷ್ಠ ಐದು ವರ್ಷಗಳ ಕಂತು ಬೇಕು. ಭಾರತ ಮತ್ತು ಜರ್ಮನಿಯ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ ಮೇ 2017ರಿಂದ ಜಾರಿಯಲ್ಲಿರುವುದರಿಂದ ಎರಡೂ ದೇಶಗಳ ಸೇವಾವಧಿಯನ್ನು ಅರ್ಹತೆಗಾಗಿ ಕೂಡಿಸಬಹುದು, ಪಿಂಚಣಿಯನ್ನು ದಾವಣಗೆರೆಯಲ್ಲಿದ್ದುಕೊಂಡೇ ಪಡೆಯಬಹುದು.

ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲದ ಒಂದು ಅಂಕಿಯನ್ನು ನಾನು ಕೇಳಲೇಬೇಕು: ವಾರಕ್ಕೆ ಎಷ್ಟು ಗಂಟೆ? ಲೋಹ ಮತ್ತು ವಿದ್ಯುತ್ ಉದ್ಯಮದ ಕಾರ್ಮಿಕ ಸಂಘವಾದ ಐಜಿ ಮೆಟಾಲ್‌ಗೆ ಸ್ಟುಟ್‌ಗಾರ್ಟ್ ಭದ್ರ ನೆಲೆ. ಅದರ ವೇತನ ಒಪ್ಪಂದಕ್ಕೆ ಒಳಪಟ್ಟ ಕಂಪನಿಗಳಲ್ಲಿ 1995ರಿಂದ ವಾರಕ್ಕೆ 35 ಗಂಟೆ ಕೆಲಸ, ವರ್ಷಕ್ಕೆ 30 ದಿನ ರಜೆ, ರಜೆಗೂ ಕ್ರಿಸ್‌ಮಸ್‌ಗೂ ಹೆಚ್ಚುವರಿ ಹಣ. ಒಪ್ಪಂದದ ಹೊರಗಿನ ಎಂಜಿನಿಯರಿಂಗ್ ಸೇವಾ ಕಂಪನಿಗಳಲ್ಲಿ ಅದೇ ಸಂಬಳಕ್ಕೆ 40 ಗಂಟೆ ಇರಬಹುದು. ಕಾನೂನಿನ ಪ್ರಕಾರ ಕೊಡಲೇಬೇಕಾದ ರಜೆ ವಾರಕ್ಕೆ ಐದು ದಿನ ದುಡಿಯುವವರಿಗೆ 20 ದಿನ ಮಾತ್ರ. ಒಂದೇ 62,000 ಯೂರೋ ಈ ಎರಡು ಕಡೆ ಒಂದೇ ಸಂಬಳವಲ್ಲ. ನಿಮ್ಮ ಕೆಲಸದ ಪತ್ರದಲ್ಲಿ ಇದು ಬರೆದಿಲ್ಲವಾದರೆ ಸಹಿ ಹಾಕುವ ಮೊದಲು ಲಿಖಿತವಾಗಿ ಕೇಳಿ.

ಆದರೂ ನನ್ನ ದೃಷ್ಟಿಯಲ್ಲಿ ಈ ನಿರ್ಧಾರ ನಿಂತಿರುವುದು ನಿಮ್ಮ ಸಂಬಳದ ಮೇಲಲ್ಲ, ನಿಮ್ಮ ಪತ್ನಿಯ ಉದ್ಯೋಗದ ಮೇಲೆ. ನಿಮ್ಮ ಸಂಬಳ ಬ್ಲೂ ಕಾರ್ಡ್‌ಗೆ (ಉನ್ನತ ಶಿಕ್ಷಣ ಪಡೆದ ವಿದೇಶಿ ನೌಕರರಿಗೆ ಕೊಡುವ ವಾಸ, ಕೆಲಸದ ಪರವಾನಗಿ) 2025ರಲ್ಲಿ ಬೇಕಾದ 48,300 ಯೂರೋ ಮಿತಿಗಿಂತ ಸಾಕಷ್ಟು ಮೇಲಿದೆ. ಬ್ಲೂ ಕಾರ್ಡ್ ಪಡೆದವರ ಪತ್ನಿ ಅಥವಾ ಪತಿ ಜರ್ಮನ್ ಪರೀಕ್ಷೆ ಪಾಸು ಮಾಡದೆಯೇ ವೀಸಾ ಪಡೆಯಬಹುದು, ಹೋದ ದಿನದಿಂದಲೇ ಯಾವ ಕೆಲಸವನ್ನಾದರೂ ಮಾಡಬಹುದು. ಆದರೆ ಕಾನೂನು ಕೊಟ್ಟ ಅವಕಾಶವನ್ನು ಭಾಷೆ ತಡೆಯುತ್ತದೆ. ಶಿಕ್ಷಕ ವೃತ್ತಿಗೆ ಅಲ್ಲಿ ರಾಜ್ಯ ಸರ್ಕಾರದ ಮಾನ್ಯತೆ ಬೇಕು, ಸಾಮಾನ್ಯವಾಗಿ ಎರಡು ವಿಷಯಗಳಲ್ಲಿ ಅರ್ಹತೆ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ತರಗತಿಯಲ್ಲಿ ನಿಂತು ಪಾಠ ಮಾಡುವಷ್ಟು ಜರ್ಮನ್ ಬೇಕು. ಮಗುವನ್ನು ನೋಡಿಕೊಂಡು ಕಲಿಯುವವರಿಗೆ ಇದು ವರ್ಷಗಳ ಹಾದಿ. ಅವರು ಈ ಹಾದಿಯನ್ನು ಮನಸ್ಸಿಟ್ಟು ಹಿಡಿದರೆ ಐದನೇ ವರ್ಷದ ಹೊತ್ತಿಗೆ ನಿಮ್ಮ ಮನೆಯ ಲೆಕ್ಕವೇ ಬದಲಾಗುತ್ತದೆ. ಹಿಡಿಯದಿದ್ದರೆ, ಬೆಂಗಳೂರಿನಲ್ಲಿ ತಮ್ಮದೇ ಸಂಬಳ, ಸಹೋದ್ಯೋಗಿಗಳು, ಗೌರವ ಇದ್ದ ಶಿಕ್ಷಕಿಯೊಬ್ಬರು ನಾಲ್ಕನೇ ಮಹಡಿಯ ಮನೆಯಲ್ಲಿ ನವೆಂಬರ್‌ನ ಕತ್ತಲನ್ನು ನೋಡುತ್ತಾ ಕೂರಬೇಕಾಗುತ್ತದೆ. ಹಣದ ಕಾರಣಕ್ಕಿಂತ ಈ ಕಾರಣಕ್ಕೇ ಮರಳಿ ಬಂದ ಕುಟುಂಬಗಳನ್ನು ನಾನು ಹೆಚ್ಚು ನೋಡಿದ್ದೇನೆ. ಈ ಪ್ರಶ್ನೆಯನ್ನು ನೀವು ಬರೆದಿದ್ದೀರಿ. ನಿಮ್ಮ ಪತ್ನಿ ಏನು ಹೇಳುತ್ತಾರೆಂಬುದು ಪತ್ರದಲ್ಲಿಲ್ಲ.

ಅಮ್ಮನ ವಿಷಯ ಬೇರೆಯೇ. 2024ರ ಮಾರ್ಚ್ ನಂತರ ಬ್ಲೂ ಕಾರ್ಡ್ ಪಡೆದವರು ತಂದೆತಾಯಿಯನ್ನು ಕರೆಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಆದರೆ ನಿಮ್ಮ ಸಾರ್ವಜನಿಕ ವಿಮೆಯೊಳಗೆ ತಾಯಿಯನ್ನು ಸೇರಿಸಲಾಗುವುದಿಲ್ಲ; ಅವರಿಗೆ ಪ್ರತ್ಯೇಕವಾಗಿ ಪೂರ್ಣ ಆರೋಗ್ಯ ವಿಮೆಯಿರುವುದನ್ನು ತೋರಿಸಬೇಕು, ಆ ವಯಸ್ಸಿನಲ್ಲಿ ಅಂಥ ವಿಮೆ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಅಮ್ಮ ದಾವಣಗೆರೆಯಲ್ಲೇ ಇರುತ್ತಾರೆಂದು ಹಿಡಿದೇ ಲೆಕ್ಕ ಹಾಕಿ, ತುರ್ತಾಗಿ ಬರಬೇಕಾದಾಗಿನ ವಿಮಾನದ ಖರ್ಚನ್ನು ಬೇರೆಯಾಗಿ ತೆಗೆದಿಡಿ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಮೂವರೂ ಒಟ್ಟಿಗೆ ಹೋಗುವುದಾದರೆ ಮೇಲಿನ ಲೆಕ್ಕವೆಲ್ಲ ಅನ್ವಯಿಸುತ್ತದೆ, ಆದರೆ ಮೊದಲ ಆರು ತಿಂಗಳ ಪ್ರೊಬೇಷನ್‌ನಲ್ಲಿ ಎರಡು ವಾರಗಳ ನೋಟಿಸ್ ಕೊಟ್ಟು ಕೆಲಸದಿಂದ ತೆಗೆಯಬಹುದು ಮತ್ತು ಆಗ ನಿರುದ್ಯೋಗ ಭತ್ಯೆಗೆ ಬೇಕಾದ ಹನ್ನೆರಡು ತಿಂಗಳ ಕಂತು ನಿಮ್ಮದಾಗಿರುವುದಿಲ್ಲ. ಈ ಅಪಾಯ ಕಲ್ಪನೆಯದಲ್ಲ: ಸ್ಟುಟ್‌ಗಾರ್ಟ್ ಬಳಿಯೇ ಕೇಂದ್ರ ಕಚೇರಿಯಿರುವ ಬಾಷ್, ತನ್ನ ವಾಹನ ವಿಭಾಗದಲ್ಲಿ ಸುಮಾರು 13,000 ಹುದ್ದೆಗಳನ್ನು ಕಡಿಮೆ ಮಾಡುವುದಾಗಿ ಸೆಪ್ಟೆಂಬರ್ 2025ರಲ್ಲಿ ಪ್ರಕಟಿಸಿತು. ಹಾಗಾಗಿ ಅನೇಕರು ಮೊದಲು ಒಬ್ಬರೇ ಹೋಗಿ, ಪ್ರೊಬೇಷನ್ ಮುಗಿದ ಮೇಲೆ ಕುಟುಂಬವನ್ನು ಕರೆಸಿಕೊಳ್ಳುತ್ತಾರೆ. ಅದು ಸುರಕ್ಷಿತ, ಆದರೆ ಅದಕ್ಕೊಂದು ಬೆಲೆಯಿದೆ: ಪತ್ನಿ ಜರ್ಮನಿಯಲ್ಲಿ ವಾಸವಿಲ್ಲದ ತಿಂಗಳುಗಳಲ್ಲಿ ನಿಮ್ಮ ಸಂಬಳದಿಂದ ಮದುವೆಯಾಗದವರ ದರದಲ್ಲೇ ತೆರಿಗೆ ಮುರಿಯುತ್ತಾರೆ, ಮಗಳು ಅಲ್ಲಿಲ್ಲದಿದ್ದರೆ ಭತ್ಯೆಯೂ ಬರುವುದಿಲ್ಲ, ಎರಡೂ ಸೇರಿ ತಿಂಗಳಿಗೆ 650 ಯೂರೋ ಕಡಿಮೆ. ಅವರು ಅದೇ ವರ್ಷದ ಡಿಸೆಂಬರ್‌ನೊಳಗೆ ಬಂದು ನೆಲೆಸಿದರೆ ಇಡೀ ವರ್ಷಕ್ಕೆ ಜಂಟಿ ತೆರಿಗೆ ವಿವರ ಸಲ್ಲಿಸಿ ಹೆಚ್ಚುವರಿ ತೆರಿಗೆಯನ್ನು ಮರಳಿ ಪಡೆಯಬಹುದು. ಆದ್ದರಿಂದ ಬೇಸಿಗೆಯಲ್ಲಿ ನೀವು, ವರ್ಷಾಂತ್ಯಕ್ಕೆ ಅವರು ಎಂಬ ಕ್ರಮ ಅನುಕೂಲಕರ.

ಹೋಗದಿರುವುದೂ ಒಂದು ದಾರಿಯೇ. ಜರ್ಮನಿಯ ಕೆಲಸದ ಪತ್ರವನ್ನು ಮುಂದಿಟ್ಟು ಬೆಂಗಳೂರಿನಲ್ಲೇ ಹೆಚ್ಚಿನ ಸಂಬಳಕ್ಕೆ ಮಾತಾಡಬಹುದು. ವಾರ್ಷಿಕ ಏರಿಕೆಯ ವೇಗ ನಿಮ್ಮ ಕ್ಷೇತ್ರದಲ್ಲಿ ಅಲ್ಲಿಗಿಂತ ಇಲ್ಲಿಯೇ ಹೆಚ್ಚು. ಹಣ ಕೂಡಿಸುವುದೊಂದೇ ಉದ್ದೇಶವಾದರೆ ನಾನು ಇದನ್ನೇ ಸೂಚಿಸುತ್ತೇನೆ. ಮಗಳಿಗೆ ಅಲ್ಲಿನ ಶಿಕ್ಷಣ, ನಿಮಗೆ ಸಂಜೆಯ ಬಿಡುವು, ಕಾಯಿಲೆ ಬಿದ್ದರೂ ಮನೆ ಮುಳುಗದೆಂಬ ನೆಮ್ಮದಿ, ಜರ್ಮನ್ ಭಾಷೆಯ ಬಿ1 (ಮಧ್ಯಮ) ಮಟ್ಟ ಕಲಿತರೆ 21 ತಿಂಗಳಲ್ಲಿ, ಎ1 (ಆರಂಭಿಕ) ಮಾತ್ರವಾದರೆ 27 ತಿಂಗಳಲ್ಲಿ ಸಿಗುವ ಕಾಯಂ ವಾಸದ ಹಕ್ಕು ಇವುಗಳಿಗಾಗಿ ಎಂದಾದರೆ, ಮತ್ತು ಪತ್ನಿ ಒಪ್ಪಿದರೆ, ಹೋಗುವುದು ಒಳ್ಳೆಯ ನಿರ್ಧಾರವೇ.

ಹೋಗುವುದೆಂದು ತೀರ್ಮಾನಿಸಿದರೆ ಸೇರುವ ದಿನಾಂಕವನ್ನು ಮಾತ್ರ ಯೋಚಿಸಿ ಗೊತ್ತುಮಾಡಿ. ಈಗಿನ ಕಂಪನಿಯಲ್ಲಿ ನಿಮಗೆ ಐದು ವರ್ಷ ತುಂಬಲು ಹತ್ತು ತಿಂಗಳು ಬಾಕಿಯಿದೆ. 80,000 ರೂಪಾಯಿ ಮೂಲವೇತನಕ್ಕೆ ಐದು ವರ್ಷದ ಗ್ರಾಚ್ಯುಟಿ ಸುಮಾರು 2.3 ಲಕ್ಷ, ಮೊದಲೇ ಬಿಟ್ಟರೆ ಅದು ಕೈತಪ್ಪುತ್ತದೆ. ಐದನೇ ವರ್ಷದಲ್ಲಿ 240 ದಿನ ಪೂರೈಸಿದವರಿಗೂ ಅದು ಸಲ್ಲುತ್ತದೆಂದು ಮದ್ರಾಸ್ ಹೈಕೋರ್ಟ್ ಹೇಳಿರುವುದುಂಟು, ಆದರೆ ಎಲ್ಲ ಕಂಪನಿಗಳೂ ಅದನ್ನು ಒಪ್ಪುವುದಿಲ್ಲ. ನಿಮ್ಮ ಎಚ್‌ಆರ್ ವಿಭಾಗ ಏನು ಮಾಡುತ್ತದೆಂದು ರಾಜೀನಾಮೆಗೆ ಮೊದಲೇ ತಿಳಿದುಕೊಳ್ಳಿ. ಭಾರತದ ಮೂರು ತಿಂಗಳ ನೋಟಿಸ್ ಅವಧಿಯೂ, ವೀಸಾಕ್ಕೆ ಹಿಡಿಯುವ ಸಮಯವೂ ಜರ್ಮನ್ ಕಂಪನಿಗಳಿಗೆ ಚೆನ್ನಾಗಿ ಗೊತ್ತಿರುವ ಸಂಗತಿಗಳು. ಇನ್ನೆರಡು ಮೂರು ತಿಂಗಳು ಹೆಚ್ಚು ಕೇಳಿದರೆ ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ.